ಇಂಜಿನ್ ಮಾರಿದ ಮೇಲೆ

"ಎಲ್ಲ ಸರಿಯಾಗೇ ಇದ್ದರೆ ಅಲ್ಲಿ ನಿಮಗೇನು ಕೆಲಸ ರೀ?"

ನೀಲಮ್ಮ ಗಂಡನಿಗೆ ಹೇಳಿದ ಕೊನೆಯ ಮಾತು ಅದು. ಆಸ್ಪತ್ರೆಯಲ್ಲಿ ಹೇಳಿದಳು. ಆ ದಿನ ಆಫೀಸಿನಿಂದ ಒಂದೂ ಫೋನ್ ಬಂದಿರಲಿಲ್ಲ. ಇವತ್ತು ಏನೂ ಕೆಟ್ಟಿಲ್ಲ ಕಣೇ ಎಂದು ಚನ್ನವೀರಪ್ಪ ಹೇಳಿದ್ದಕ್ಕೆ ನಕ್ಕು ಹಾಗಂದಳು. ಆಮೇಲೆ ಮಗ್ಗುಲಾಗಿ ಮಲಗಿದಳು. ಏಳಲಿಲ್ಲ.

ಎಂಟು ತಿಂಗಳ ಮೇಲೆ ಚನ್ನವೀರಪ್ಪ ಮಠಕ್ಕೆ ಬಂದ. ಅಲ್ಲಿಯ ಸ್ವಾಮಿಗಳಾದ ಅಜ್ಜಾರ ಮುಂದೆ ಕೂತು ಅದೇ ಮಾತನ್ನು ಪ್ರಶ್ನೆಯಾಗಿ ಇಟ್ಟ.

"ಅಜ್ಜಾರೇ, ಅವಳು ತಮಾಷೆಗೆ ಅಂದಳು. ಈಗ ಕಂಪನಿಯವರು ಅದನ್ನೇ ಖರೇ ಅಂತಿದ್ದಾರೆ. ಏನು ಹೇಳಬೇಕು ಅಂತ ನನಗೆ ಗೊತ್ತಿಲ್ಲ."

ಅವನು ಒಂದು ಬೀಜದ ಕಂಪನಿಯಲ್ಲಿ ಐಟಿ ವಿಭಾಗದ ಮುಖ್ಯಸ್ಥ. ಇಪ್ಪತ್ತೆರಡು ವರ್ಷದ ನೌಕರಿ. ಕೈಕೆಳಗೆ ನಾಲ್ಕು ಜನ. ಕಟ್ಟಡದ ಹಿಂದುಗಡೆ ಸರ್ವರ್ ಕೋಣೆ, ಅದರ ಪಕ್ಕ ಇವರು. ಕಂಪ್ಯೂಟರ್ ನಿಂತರೆ ಕರೆಯುತ್ತಿದ್ದರು. ಹೋಗಿ ಸರಿಮಾಡಿ ಬರುತ್ತಿದ್ದರು. ಈಗ ಸರ್ವರ್ ಇಲ್ಲ. ಎಲ್ಲವೂ ದೂರದ ಯಾವುದೋ ಊರಿನ ಬಾಡಿಗೆ ಯಂತ್ರದಲ್ಲಿದೆ. ಹೊಲದಲ್ಲಿ ಬೀಜ ಬೆಳೆಸುವವರು ಒಂದು ಆ್ಯಪ್ ತಂದುಕೊಂಡರು. ಗೋದಾಮಿನವರು ಒಂದು, ಮಾರಾಟದವರು ಇನ್ನೊಂದು. ಯಾರೂ ಇವನನ್ನು ಕೇಳಲಿಲ್ಲ. ಯಾವುದೂ ಕೆಡುತ್ತಲೂ ಇಲ್ಲ. ನಾಳೆ ಹನ್ನೊಂದಕ್ಕೆ ಸಭೆ. ಐಟಿ ವಿಭಾಗ ಇರಬೇಕೋ ಬೇಡವೋ ಎಂದು ತೀರ್ಮಾನ. ಆ ಸಭೆಗೂ ಇವನಿಗೆ ಕರೆಯಿಲ್ಲ.

ಅಜ್ಜಾರು ಒಂದು ಕಥೆ ಹೇಳಿದರು.

ಒಂದು ಅಕ್ಕಿ ಗಿರಣಿ ಇತ್ತು. ಅದಕ್ಕೆ ಒಂದೇ ಇಂಜಿನ್. ಹಿಂದುಗಡೆ ತಗಡಿನ ಶೆಡ್ಡಿನಲ್ಲಿ ಇಟ್ಟಿದ್ದರು. ಅದರಿಂದ ಗಿರಣಿಯ ಉದ್ದಕ್ಕೂ ಮೇಲುಗಡೆ ಒಂದು ಕಬ್ಬಿಣದ ದಂಡ ತಿರುಗುತ್ತಿತ್ತು. ಆ ದಂಡದಿಂದ ಒಂದೊಂದು ಯಂತ್ರಕ್ಕೂ ಒಂದೊಂದು ಬೆಲ್ಟು. ಜರಡಿಗೆ ಒಂದು, ಭತ್ತ ಸುಲಿಯುವುದಕ್ಕೆ ಒಂದು, ಪಾಲಿಶಿಗೆ ಒಂದು.

ಇಂಜಿನ್ ನೋಡಿಕೊಳ್ಳಲು ಒಬ್ಬನಿದ್ದ. ಅವನ ಹೆಸರು ಯಾರಿಗೂ ನೆನಪಿರಲಿಲ್ಲ. ಬೆಲ್ಟು ಹರಿದರೆ, "ಏ ಇಂಜಿನ್ನು, ಬಾರೋ!" ಎಂದು ಕೂಗುತ್ತಿದ್ದರು. ಅವನು ಎಣ್ಣೆ ಕೈ ಒರೆಸಿಕೊಂಡು ಬಂದು ಹೊಲಿದು ಹೋಗುತ್ತಿದ್ದ. ಹರಿಯದಿದ್ದ ದಿನ ಅವನಿದ್ದಾನೆಂದು ಯಾರಿಗೂ ಗೊತ್ತಿರುತ್ತಿರಲಿಲ್ಲ.

ಊರಿಗೆ ಕರೆಂಟು ಬಂತು. ಮಾಲೀಕ ಒಂದೊಂದು ಯಂತ್ರಕ್ಕೂ ಒಂದೊಂದು ಮೋಟಾರು ಕೂರಿಸಿದ. ಇಂಜಿನ್ ಮಾರಿದ. ದಂಡ ಬಿಚ್ಚಿಸಿದ. ಯಂತ್ರದವರಿಗೆಲ್ಲ ಖುಷಿ. ಯಾರಿಗೂ ಯಾರ ಹಂಗೂ ಇಲ್ಲ. ಬೇಕಾದಾಗ ಗುಂಡಿ ಒತ್ತುವುದು, ಬೇಡವಾದಾಗ ನಿಲ್ಲಿಸುವುದು.

"ಇಂಜಿನ್ನೇ ಹೋಯಿತಲ್ಲೋ. ಇನ್ನು ನೀನು ಯಾವುದಕ್ಕೆ ಎಣ್ಣೆ ಹಾಕ್ತಿ, ನಿನ್ನ ತಲೆಗಾ?" ಎಂದು ಸುಲಿಯುವವನು ಕಿಚಾಯಿಸಿದ.

ಮಾಲೀಕ ಅವನಿಗೆ ಬಾಗಿಲ ಹತ್ತಿರ ಒಂದು ಸ್ಟೂಲು ಕೊಟ್ಟು ಕೂರಿಸಿದ. ಹಳೇ ಮನುಷ್ಯ, ಇರಲಿ ಎಂದು.

ಮೂರು ತಿಂಗಳು ಹೋಯಿತು. ಗಿರಣಿಯ ಅಕ್ಕಿ ನುಚ್ಚಾಗತೊಡಗಿತು. ಕೊಂಡವರು ವಾಪಸ್ಸು ತಂದರು. ಮಾಲೀಕ ಒಬ್ಬೊಬ್ಬರನ್ನೇ ಕರೆದು ಕೇಳಿದ. ಜರಡಿಯವನು ನನ್ನದು ಸರಿಯಿದೆ ಅಂದ. ಸುಲಿಯುವವನು, "ಹಿಂದೆ ಗಂಟೆಗೆ ಆರು ಚೀಲ ಸುಲೀತಿದ್ದೆ, ಈಗ ಹತ್ತು. ನನ್ನದೇನು ತಪ್ಪು?" ಅಂದ. ಪಾಲಿಶಿನವನೂ ತನ್ನ ಯಂತ್ರ ತೋರಿಸಿದ. ಹೊಸದು, ಒಂದು ಸದ್ದಿಲ್ಲ. ಪೇಟೆಯಿಂದ ಮೆಕ್ಯಾನಿಕ್ಕನ್ನು ಕರೆಸಿದರು. ಅವನೂ ಎಲ್ಲ ಬಿಚ್ಚಿ ನೋಡಿ, ಎಲ್ಲ ಸರಿಯಿದೆ ಎಂದು ಹೋದ.

ಮಾಲೀಕ ಸೋತ. ಗಿರಣಿ ಮುಚ್ಚೋಣ ಅಂದುಕೊಂಡ. ಬಾಗಿಲ ಹತ್ತಿರದವನಿಗೆ, ನಾಳೆಯಿಂದ ಬರಬೇಡಪ್ಪ ಎಂದ.

ಅವನು ಹೂಂ ಅಂದ. ಆದರೆ ಮನೆಗೆ ಹೋಗಲಿಲ್ಲ. ಒಂದು ಬುಟ್ಟಿ ಭತ್ತ ತಗೊಂಡ. ಜರಡಿಗೆ ಸುರಿದ. ಆ ಭತ್ತದ ಜೊತೆ ತಾನೂ ನಡೆದ. ಅದು ಹೋದಲ್ಲೆಲ್ಲ ಹೋದ. ಪ್ರತಿ ಯಂತ್ರದ ಬಾಯಲ್ಲೂ ಕೈಯೊಡ್ಡಿ ಒಂದು ಹಿಡಿ ನೋಡಿದ. ಜರಡಿ ದಾಟಿದಾಗ ಕಾಳು ಇಡಿಯಾಗಿತ್ತು. ಸುಲಿದು ಹೊರಬಿದ್ದಾಗಲೂ ಇಡಿಯಾಗಿತ್ತು. ಮುಂದೆ ಪಾಲಿಶಿನ ಬಾಯಲ್ಲಿ ರಾಶಿ ಬಿದ್ದಿತ್ತು. ಅದು ಗಂಟೆಗೆ ತಿನ್ನುವುದು ಏಳು ಚೀಲ, ಬಂದು ಬೀಳುವುದು ಹತ್ತು. ತುರುಕಿಕೊಂಡು ಒಳಗೆ ಹೋಗಿ ಮುರಿಯುತ್ತಿತ್ತು.

ಅವನು ತಿರುಗಿ ಬಂದು, ಭತ್ತ ಬೀಳುವ ಬಾಯನ್ನು ಸ್ವಲ್ಪ ಮುಚ್ಚು ಎಂದು ಸುಲಿಯುವವನಿಗೆ ಹೇಳಿದ.

"ನನ್ನ ಯಂತ್ರ ಏನೂ ಕೆಟ್ಟಿಲ್ಲ! ನೀನ್ಯಾವನೋ ಹೇಳೋಕೆ?"

"ನಿನ್ನದು ಕೆಟ್ಟಿಲ್ಲಪ್ಪ. ಅವನದೂ ಕೆಟ್ಟಿಲ್ಲ. ಅಕ್ಕಿ ಕೆಟ್ಟಿದೆ."

ಸುಲಿಯುವವನು ಬೈಯುತ್ತಲೇ ಮುಚ್ಚಿದ. ಹತ್ತು ಏಳಕ್ಕೆ ಇಳಿಯಿತು. ಸಂಜೆಯ ಹೊತ್ತಿಗೆ ಚೀಲಕ್ಕೆ ಬಿದ್ದ ಅಕ್ಕಿಯನ್ನು ಮಾಲೀಕ ಬೊಗಸೆಯಲ್ಲಿ ಎತ್ತಿ ನೋಡಿದ. ಮಲ್ಲಿಗೆ ಮೊಗ್ಗಿನ ಹಾಗಿತ್ತು. ನುಚ್ಚು ಹುಡುಕಬೇಕಿತ್ತು. ಅವನು ಅಲ್ಲೇ ಭತ್ತದ ಚೀಲದ ಮೇಲೆ ಕೂತುಬಿಟ್ಟ.

"ಇಂಜಿನ್ನೇ ಇಲ್ಲ. ನಿನಗಿದು ಹೇಗೆ ತಿಳೀತೋ ಮಾರಾಯ?"

"ಧಣಿ, ಮೂವತ್ತು ವರ್ಷ ಆ ಶೆಡ್ಡಲ್ಲಿ ಕೂತಿದ್ದೆ. ಯಾವ ಯಂತ್ರಕ್ಕೆ ಭಾರ ಬಿದ್ದರೂ ಏದುಸಿರು ಬಿಡ್ತಿದ್ದುದು ನನ್ನ ಇಂಜಿನ್ನು. ಒಂದೇ ದಂಡ, ಹಾಗಾಗಿ ಎಲ್ಲಾ ಒಂದೇ ಹದದಲ್ಲಿ ತಿರುಗ್ತಿದ್ದವು. ನಾನು ಇಂಜಿನ್ ನೋಡ್ಕೊಳ್ತೀನಿ ಅಂತ ನೀವು ತಿಳಿದಿದ್ರಿ. ನಾನು ಇಡೀ ಗಿರಣಿ ಕೇಳಿಸ್ಕೊಳ್ತಿದ್ದೆ. ಈಗ ಅವರವರಿಗೆ ಅವರವರ ಸದ್ದು ಮಾತ್ರ ಕೇಳುತ್ತೆ."

ಮಾರನೆಯ ದಿನದಿಂದ ಅವನನ್ನು ಕೇಳದೆ ಆ ಗಿರಣಿಯಲ್ಲಿ ಒಂದು ಗುಂಡಿಯನ್ನೂ ಒತ್ತಲಿಲ್ಲ. ಹೊಸ ಯಂತ್ರ ತರುವ ಮೊದಲು ಮಾಲೀಕ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡುತ್ತಿದ್ದ. ಹೆಸರು ಹಿಡಿದೇ ಕರೆಯುತ್ತಿದ್ದ.

ಅಜ್ಜಾರು ನಿಲ್ಲಿಸಿದರು. ಚನ್ನವೀರಪ್ಪನ ಮುಖ ಅರಳಿತ್ತು.

"ತಿಳೀತು ಅಜ್ಜಾರೇ. ನಾನೂ ಇಪ್ಪತ್ತೆರಡು ವರ್ಷ ಹಿಂದುಗಡೆ ಕೂತು ಕೇಳಿಸಿಕೊಂಡವನು. ನಾಳೆ ಕರೆಯದಿದ್ದರೂ ಸಭೆಗೆ ಹೋಗಿ ಇದನ್ನೇ ಹೇಳ್ತೀನಿ."

ಅಜ್ಜಾರು ಅವನನ್ನೇ ನೋಡಿದರು.

"ನಿನ್ನ ಕಂಪನಿಯಲ್ಲಿ ಕಾಳು ಎಲ್ಲಿ ಮುರೀತಿದೆ, ತಮ್ಮಾ?"

ಚನ್ನವೀರಪ್ಪ ಅದನ್ನು ನೋಡಿಯೇ ಇರಲಿಲ್ಲ. ಕೈ ಮುಗಿದು ಎದ್ದ.

ಮಾರನೆಯ ದಿನ ಬೆಳಿಗ್ಗೆ ಏಳಕ್ಕೇ ಗೋದಾಮಿಗೆ ಹೋದ. ಮೆಕ್ಕೆಜೋಳದ ಬೀಜವನ್ನು ಲಾರಿಗೆ ಏರಿಸುತ್ತಿದ್ದರು. ಒಂದು ಚೀಲ ಇಳಿಸಿಕೊಂಡು ಅದರ ನಂಬರನ್ನು ಮೂರೂ ಆ್ಯಪಿನಲ್ಲಿ ಹುಡುಕಿದ. ಹೊಲದವರ ಪ್ರಕಾರ ಅದು ಹೋದ ವರ್ಷ ಕೊಯ್ದದ್ದು. ಗೋದಾಮಿನವರ ಪ್ರಕಾರ ಈ ವರ್ಷ ಒಳಗೆ ಬಂದದ್ದು. ಅದನ್ನು ನೋಡಿ ಮಾರಾಟದವರು ಹೊಸ ಬೀಜ ಎಂದು ಬರೆದುಕೊಂಡಿದ್ದರು. ಯಾರೂ ಸುಳ್ಳು ಬರೆದಿರಲಿಲ್ಲ. ಮೊಳಕೆ ಕುಗ್ಗಿದ ಹಳೇ ಬೀಜ ಬಿತ್ತನೆಗೆ ಹೊರಟಿತ್ತು.

ಹನ್ನೊಂದಕ್ಕೆ ಚೀಲವನ್ನು ಹೆಗಲ ಮೇಲೆ ಹೊತ್ತು ಸಭೆಯ ಕೋಣೆಗೆ ನುಗ್ಗಿದ. ಎಲ್ಲರೂ ತಿರುಗಿ ನೋಡಿದರು.

"ನಿಮ್ಮನ್ನು ಯಾರ್ರೀ ಕರೆದಿದ್ದು?" ಎಂದರು ದೊಡ್ಡ ಸಾಹೇಬರು.

"ಯಾರೂ ಇಲ್ಲ ಸರ್. ಲಾರಿ ನಿಲ್ಲಿಸಿ ಬಂದಿದ್ದೀನಿ."

ಚೀಲವನ್ನು ಮೇಜಿನ ಮೇಲೆ ಇಳಿಸಿದ. ಕುರ್ಚಿ ಎಳೆದುಕೊಂಡು ಕೂತ.