ಪೂಜೆಗೊಂಡ ಬಂದೂಕು

“ಅರಮನೆಯ ಬಂದೂಕಿನ ಮೂರು ಒಗಟುಗಳನ್ನು ಬಿಡಿಸಿದವರು ಬೇಡಿದ್ದನ್ನು ಪಡೆಯುವರು. ಬಿಡಿಸಲು ಬಂದು ತಪ್ಪಿದವರು ಬರುವ ಅಮಾವಾಸ್ಯೆಯಂದು ಕಾವಲಿನ ಸಿದ್ಧಯ್ಯನೊಡನೆ ಗಲ್ಲಿಗೇರುವರು.”

ಕಲ್ಲುಗುಡಿಪುರದ ದೊರೆ ಹೀಗೆ ಡಂಗುರ ಸಾರಿಸಿದನೆಂಬಲ್ಲಿಂದ ಅಜ್ಜಿಯ ಕತೆ ಆರಂಭವಾಗುತ್ತಿತ್ತು. ಅವಳ ಕತೆಯಲ್ಲಿ ಬಂದೂಕೇ ಮಾತಾಡುತ್ತಿತ್ತು. ಗೆದ್ದವನಿಗೆ ರಾಜಕುಮಾರಿಯೂ ಅರ್ಧ ರಾಜ್ಯವೂ ಸಿಗುತ್ತಿದ್ದವು. ಆ ಪುಟ್ಟ ಸಂಸ್ಥಾನದ ಅರ್ಧವೆಂದರೆ ಎಷ್ಟು ಎಂದು ನಾನು ಆಗಲೇ ಯೋಚಿಸುತ್ತಿದ್ದೆ. ಬಂದೂಕು ಮಾತಾಡಿರಲಾರದು. ಒಗಟು ಕೇಳಿದವನು ದೊರೆಯೇ ಇರಬೇಕು, ಏಕೆಂದರೆ ಮಗನನ್ನು ಕಳೆದುಕೊಂಡವನು ಅವನು.

ಅದೊಂದು ಸಣ್ಣ ಗುಂಡಿನ ರೈಫಲ್. ಒಂದು ಗುಂಡು ಹಾರಿದೊಡನೆ ಅದರ ಹಿತ್ತಾಳೆಯ ಖಾಲಿ ತೋಟೆಯನ್ನು ತಾನೇ ಹೊರಗೆಸೆದು ಮುಂದಿನದನ್ನು ಒಳಗೆಳೆದುಕೊಳ್ಳುವಂಥದು. ಮಗ ಹುಟ್ಟಿದಾಗ ದೊರೆ ಅದನ್ನು ತರಿಸಿದ್ದ. ಆಯುಧಪೂಜೆಯಂದು ಅದನ್ನು ಪೂಜಿಸುವವನು ದೊರೆಯೇ; ಅಂದು ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಒಮ್ಮೆ ಹುಚ್ಚುನರಿಯೊಂದು ಅರಮನೆಯ ತೋಟಕ್ಕೆ ನುಗ್ಗಿತು. ಸಿದ್ಧಯ್ಯ ಹಾರಿಸಿದ ಮೊದಲ ಗುಂಡು ಗುರಿ ತಪ್ಪಿತು. ಎರಡನೆಯದು ಹಾರಲೇ ಇಲ್ಲ. ನರಿ ಕಚ್ಚಿದ ರಾಜಕುಮಾರ ನೀರಿಗೆ ಹೆದರಿ ಹೆದರಿ ಸತ್ತನು. ಸಿದ್ಧಯ್ಯನೇ ಬಂದೂಕು ಕೆಡಿಸಿದನೆಂಬ ಆರೋಪ ಬಂತು.

ದಳವಾಯಿ ಮಾಟವೆಂದು ಹೇಳಿ ಸೆರೆಮನೆ ಸೇರಿದ. ಪಟ್ಟಣದ ಬಂದೂಕಿನ ವ್ಯಾಪಾರಿ ಗುಂಡು ಹಳತೆಂದ. ಹೊಸ ಗುಂಡೂ ಸಿಕ್ಕಿಕೊಂಡಾಗ ಅವನಿಗೂ ಕೋಳ ಬಿತ್ತು.

ಮೂರನೆಯವನಾಗಿ ಬಂದವನು ಹೊನ್ನಯ್ಯ, ಅರಮನೆಯ ದೀಪಗಳನ್ನು ಉಜ್ಜುವವನು. ತಂದೆಯಿಲ್ಲದ ಅವನನ್ನು ಸಾಕಿದವನು ಸೋದರಮಾವ ಸಿದ್ಧಯ್ಯನೇ.

“ದೀಪ ಉಜ್ಜುವವನಿಗೆ ಬಂದೂಕಿನ ಬಾಯಿ ಯಾವುದು, ಬುಡ ಯಾವುದು ಗೊತ್ತೇನಯ್ಯ?” ಎಂದ ವ್ಯಾಪಾರಿ, ಕೋಳದಲ್ಲಿದ್ದುಕೊಂಡೇ.

“ಎರಡು ಕಡೆಯೂ ಮಸಿ ಕೂರ್ತದೆ ಅಂತ ಗೊತ್ತು, ಸ್ವಾಮಿ.”

ದೊರೆ ಮೊದಲನೆಯದನ್ನು ಕೇಳಿದ: “ಉಂಡದ್ದನ್ನು ಉಗುಳಬೇಕಾದದ್ದು, ಉಗುಳದೆ ಗಂಟಲಲ್ಲೇ ಹಿಡಿದಿದೆ. ಏಕೆ?”

ಹೊನ್ನಯ್ಯ ದೀಪದ ಬತ್ತಿಯೊಂದನ್ನು ಕಡ್ಡಿಗೆ ಸುತ್ತಿ, ಸೀಮೆಎಣ್ಣೆಯಲ್ಲಿ ಅದ್ದಿ, ಗುಂಡು ಕೂರುವ ಗೂಡಿನೊಳಗೆ ತಿರುಗಿಸಿದ. ಬತ್ತಿ ಕೆಂಪುಗಂದಾಗಿ ಹೊರಬಂತು. ಆರದ ದೀಪದ ಬಾಯಲ್ಲಿ ತುಪ್ಪ ಅರಗಿನಂತೆ ಗಟ್ಟಿಯಾಗುವುದನ್ನು ಅವನು ದಿನವೂ ಕಾಣುತ್ತಿದ್ದ. ಇಲ್ಲಿಯೂ ತುಪ್ಪವೇ, ಕುಂಕುಮದೊಡನೆ ಬೆರೆತು ಗುಂಡಿನ ಕಾವಿಗೆ ಬೆಂದಿತ್ತು. ಖಾಲಿ ತೋಟೆ ಅದಕ್ಕೆ ಅಂಟುತ್ತಿತ್ತು; ಎಳೆದು ತೆಗೆಯುವ ಕೊಕ್ಕೆಯೂ ಅದರಿಂದಲೇ ಮುಚ್ಚಿಹೋಗಿತ್ತು.

“ತುತ್ತು ತುಟಿಯವರೆಗೆ ಬರುತ್ತದೆ, ಒಳಗೆ ಹೋಗದು. ಇದೇಕೆ?” ಎಂದು ದೊರೆ ಎರಡನೆಯದನ್ನು ಕೇಳಿದ.

ಹೊನ್ನಯ್ಯ ಗುಂಡು ತುಂಬುವ ಮ್ಯಾಗಜೀನನ್ನು ಬಿಚ್ಚಿ ಒಳಗಿನ ಸ್ಪ್ರಿಂಗನ್ನು ಬೆರಳಿನಿಂದ ಅದುಮಿದ. ಪೆಟ್ಟಿಗೆಯಲ್ಲಿ ಬಳಸದೆ ಉಳಿದಿದ್ದ ಇನ್ನೊಂದು ಮ್ಯಾಗಜೀನನ್ನೂ ಅದುಮಿ ನೋಡಿದ. ಮೊದಲನೆಯದು ಸೋತಿತ್ತು. “ಬರಿದಾದ ಆಯುಧ ಅಶುಭ ಅಂತ ವರ್ಷಾನುಗಟ್ಟಲೆ ತುಂಬಿಯೇ ಇಟ್ಟಿದ್ದಾರೆ, ಬುದ್ಧೀ. ಹೊತ್ತು ಹೊತ್ತು ಇದರ ಬೆನ್ನು ಬಾಗಿದೆ. ಗುಂಡನ್ನು ಸಾಕಷ್ಟು ಮೇಲಕ್ಕೆತ್ತದು. ಅದರ ಮೂತಿ ಗೂಡಿನ ಅಂಚಿಗೆ ಬಡಿದು ನಿಲ್ಲುತ್ತದೆ.”

ದೊರೆಯ ದನಿ ತಗ್ಗಿತು. “ಹಾಗಾದರೆ ಮೂರನೆಯದು. ನನ್ನ ಮಗನನ್ನು ಕಾಯಬೇಕಿದ್ದುದಕ್ಕೆ ವಿಷವಿಕ್ಕಿದ ಕೈ ಯಾವುದು?”

ಉತ್ತರ ಹೊನ್ನಯ್ಯನಿಗೆ ತಿಳಿದಿತ್ತು. ಕಂಬದ ಬಳಿ ಸಂಕೋಲೆಯಲ್ಲಿದ್ದ ಸಿದ್ಧಯ್ಯನಿಗೂ ತಿಳಿದಿತ್ತು. “ಬೇಡ ಮಗ, ನನ್ನ ಹೆಸರೇ ಹೇಳು,” ಎಂದನವನು. “ನನ್ನದು ಹೇಗೂ ಮುಗಿದ ಬಾಳು.”

ಹೊನ್ನಯ್ಯ ದೊರೆಯ ಪಾದಗಳನ್ನೇ ನೋಡುತ್ತ ನುಡಿದ: “ವಿಷವಿಕ್ಕಲಿಲ್ಲ, ಬುದ್ಧೀ. ಪೂಜೆ ಮಾಡಿತು.”

ದೊರೆ ತನ್ನ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ಆಮೇಲೆ, ಹಾರಿಸಿ ತೋರಿಸು ಎಂದ. ಹೊನ್ನಯ್ಯ ಗೂಡನ್ನೂ ಕೊಕ್ಕೆಯನ್ನೂ ಸೀಮೆಎಣ್ಣೆಯಿಂದ ತೊಳೆದು ಒರೆಸಿ, ಹೊಸ ಮ್ಯಾಗಜೀನು ಸೇರಿಸಿ, ಮಣ್ಣಿನ ದಿಬ್ಬಕ್ಕೆ ಗುರಿಯಿಟ್ಟ. ಖಾಲಿ ತೋಟೆಗಳು ಒಂದರ ಹಿಂದೊಂದು ಅಂಗಳದ ಕಲ್ಲಿನ ಮೇಲೆ ಉದುರಿದವು. ಒಂದೂ ಸಿಕ್ಕಿಕೊಳ್ಳಲಿಲ್ಲ. ಆ ಸದ್ದನ್ನು ಕೇಳುತ್ತ ದೊರೆ ಮುಖ ಮುಚ್ಚಿಕೊಂಡ.

ಹೊನ್ನಯ್ಯ ಬೇಡಿದ್ದು ಮಾವನನ್ನು ಮಾತ್ರ. ದೊರೆ ಸಿದ್ಧಯ್ಯನ ಸಂಕೋಲೆಯನ್ನು ಆ ಕೈಯಿಂದಲೇ ಬಿಚ್ಚಿದ; ದಳವಾಯಿಯನ್ನೂ ವ್ಯಾಪಾರಿಯನ್ನೂ ಬಿಡಿಸಿದ; ಆಯುಧಶಾಲೆಯ ಬೀಗದ ಕೈಯನ್ನು ಹೊನ್ನಯ್ಯನಿಗೆ ಒಪ್ಪಿಸಿದ.

ಈಗ ವಸ್ತುಸಂಗ್ರಹಾಲಯವಾಗಿರುವ ಆ ಅರಮನೆಗೆ ನಾನು ಹೋಗಿದ್ದೆ. ಗೋಡೆಯ ವಂಶವೃಕ್ಷದಲ್ಲಿ ರಾಜಕುಮಾರಿ ಯಾರೂ ಇಲ್ಲ. ಮೇಲ್ವಿಚಾರಕರು ಗಾಜಿನ ಪೆಟ್ಟಿಗೆ ತೆರೆದು ರೈಫಲ್ ತೋರಿಸಿದರು. ಮರದ ಹಿಡಿಯ ಮೇಲೆ ಹಳೆಯ ಕುಂಕುಮದ ಕಲೆ ಕಪ್ಪಾಗಿ ಉಳಿದಿದೆ. ಕಬ್ಬಿಣದ ಮೇಲೆ ಎಲ್ಲಿಯೂ ಇಲ್ಲ. ಮ್ಯಾಗಜೀನು ಖಾಲಿಯಾಗಿತ್ತು.