ಕೌಂಟರಿನಲ್ಲಿ ಹೇಳಿದ ಒಡಪು

“ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ ಎಂದ ಮೇಲೆ ಈ ಜನ ಕಳೆದುಕೊಳ್ಳುವುದಾದರೂ ಏನು, ಗುರುಗಳೇ?”

ಕೇಳಿದವನು ಮಡಿವಾಳಯ್ಯ, ಮಠದ ಲೆಕ್ಕಪತ್ರ ನೋಡಿಕೊಳ್ಳುವ ಶಿಷ್ಯ. ಊರಿನ ಬ್ಯಾಂಕು ತನ್ನ ಶಾಖೆಯನ್ನು ಮುಚ್ಚಿ ಅಲ್ಲಿನ ಖಾತೆಗಳನ್ನೆಲ್ಲ ಇನ್ನೊಂದು ಬ್ಯಾಂಕಿಗೆ ಒಪ್ಪಿಸಲಿದೆ ಎಂಬ ಸುದ್ದಿ ಬಂದಿತ್ತು. ಗುರುಗಳು ಮೇಲಿನವರಿಗೆ ಒಂದು ಮಾತು ಹೇಳಿ ಅದನ್ನು ತಪ್ಪಿಸಬೇಕು ಎಂದು ಊರಿನವರು ಬಂದು ಮಠದ ಅಂಗಳದಲ್ಲಿ ಕೂತಿದ್ದರು. ಮಡಿವಾಳಯ್ಯ ಬೆಳಗಿನಿಂದ ಅವರಿಗೆ ತಿಳಿಸಿ ಹೇಳಿದ್ದ. ಠೇವಣಿ ಹಾಗೆಯೇ ಇರುತ್ತದೆ, ಪಿಂಚಣಿ ತಪ್ಪುವುದಿಲ್ಲ, ಲಾಕರಿನ ಬಂಗಾರ ಎಲ್ಲಿಯೂ ಹೋಗುವುದಿಲ್ಲ. ಜನ ಎಲ್ಲದಕ್ಕೂ ಹೂಂ ಎಂದರು. ಆದರೆ ಎದ್ದು ಹೋಗಲಿಲ್ಲ. ಅವನಿಗೆ ರೇಗಿಹೋಗಿತ್ತು.

“ಏನು ಭಯ ಎಂದು ಕೇಳಿದರೆ ಒಬ್ಬರೂ ನೆಟ್ಟಗೆ ಬಾಯಿ ಬಿಡುವುದಿಲ್ಲ. ಹೇಳಲಾಗದ ಭಯಕ್ಕೆ ನಾವೇನು ಮಾಡುವುದಕ್ಕಾಗುತ್ತದೆ?” ಎಂದ.

“ಕೂತುಕೋ,” ಎಂದರು ಗುರುಗಳು. “ಲೆಕ್ಕ ಬಲ್ಲವನು ನೀನು. ಈ ಕತೆ ಕೇಳಿ ನೀನೇ ಲೆಕ್ಕ ಹಾಕು.”

ಅವರು ಹೇಳಿದ ಕತೆ ಇದು.

ಒಂದು ಪಟ್ಟಣದಲ್ಲಿ ಒಬ್ಬ ನೇಕಾರನಿದ್ದ. ಅವನಿಗೊಬ್ಬ ಹೆಂಡತಿ. ಮಕ್ಕಳಿರಲಿಲ್ಲ. ಅವನು ಮಗ್ಗದಲ್ಲಿ ಕೂತು ಸೀರೆ ನೇಯುತ್ತಿದ್ದ, ಅವಳು ಪಕ್ಕದಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಇಬ್ಬರೂ ಹಾಗೆಯೇ ಮುದುಕರಾದರು.

ಹೆಂಡತಿ ಗಂಡನ ಹೆಸರು ಹೇಳಬಾರದು, ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವಳ ತಾಯಿ ಅವಳಿಗೆ ಹೇಳಿಕೊಟ್ಟಿದ್ದಳು. ನಿನಗೆ ನಗು ಬರುತ್ತದೆ. ಬರಲಿ. ಅವಳು ಅದನ್ನು ನಂಬಿದ್ದಳು, ಹೆಸರು ಹೇಳಿರಲಿಲ್ಲ, ಗಂಡ ಬದುಕಿದ್ದ. ಅವಳ ನಂಬಿಕೆಗೆ ಅಷ್ಟು ಸಾಕ್ಷಿ ಸಾಕಾಗಿತ್ತು.

ಅಷ್ಟು ವರ್ಷಗಳಲ್ಲಿ ಅವಳು ಅವನ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಒಂದೇ ಸಲ, ಮದುವೆಯ ದಿನ. ನೀನು ಚಿಕ್ಕಂದಿನಲ್ಲೇ ಮಠ ಸೇರಿದವನು, ನಿನಗೆ ಇದು ಗೊತ್ತಿರಲಿಕ್ಕಿಲ್ಲ. ಹೊಸ ಸೊಸೆ ಗಂಡನ ಮನೆಗೆ ಬಂದಾಗ ನಾದಿನಿಯರು ಹೊಸ್ತಿಲಿಗೆ ಅಡ್ಡ ನಿಲ್ಲುತ್ತಾರೆ. ಒಡಪು, ಅಂದರೆ ಪ್ರಾಸದ ಒಂದೆರಡು ಸಾಲು ಕಟ್ಟಿ, ಅದರಲ್ಲಿ ಗಂಡನ ಹೆಸರು ಸೇರಿಸಿ ಹೇಳಿದರೆ ಮಾತ್ರ ಒಳಗೆ ಬಿಡುತ್ತಾರೆ. ಒಡಪಿನಲ್ಲಿ ಹೇಳಿದ ಹೆಸರಿಗೆ ದೋಷವಿಲ್ಲ. ಅವಳೂ ಹೇಳಿದಳು. “ಹಾಸಿದ್ದು ಕೆಂಪ, ಹೊಕ್ಕದ್ದು ಹಸರ, ಎಲ್ಲಾರೂ ಕೇಳ್ರಿ ನಮ್ಮ ರಾಯರ ಹೆಸರ” ಎಂದು ಗಟ್ಟಿಯಾಗಿಯೇ ಶುರುಮಾಡಿದಳು. ಹೆಸರು ಬರುವ ಹೊತ್ತಿಗೆ ನಾಚಿ ದನಿ ತಗ್ಗಿಸಿದಳು. ಅದೇ ಹೊತ್ತಿಗೆ ವಾಲಗದವರು ಊದಿಬಿಟ್ಟರು. ನಾದಿನಿಯರು ಅವಳ ತುಟಿ ಆಡಿದ್ದನ್ನು ನೋಡಿ ಒಪ್ಪಿಕೊಂಡು ದಾರಿ ಬಿಟ್ಟರು. ಪಕ್ಕದಲ್ಲೇ ನಿಂತಿದ್ದ ಗಂಡನಿಗೆ ತನ್ನ ಹೆಸರು ಕೇಳಿಸಲಿಲ್ಲ.

ಅದು ಅವನ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಮಗ್ಗದಲ್ಲಿ ಕೂತಿದ್ದಾಗ, ಉಣ್ಣುವಾಗ, ಲಹರಿ ಬಂದಾಗಲೆಲ್ಲ ಕೇಳುತ್ತಿದ್ದ.

“ಒಮ್ಮಿ ಕರಿ. ನನ್ನ ಹೆಸರು ನಿನ್ನ ಬಾಯಾಗ ಹ್ಯಾಂಗ ಕೇಳಸ್ತದ ನೋಡೂಣು.”

“ಹೋಗ್ರಿ. ನೀವು ನೂರು ವರ್ಷ ಇರಬೇಕು.”

“ಹಂಗಾರ ನಾ ಹೋಗೂ ಮುಂದ ಕರಿ. ಆವಾಗ ಕಡಿಮಿ ಆಗಾಕ ಏನೂ ಉಳಿದಿರೂದಿಲ್ಲ.”

ಅವಳು ಅಂಥ ಮಾತು ಆಡಬೇಡಿರೆಂದು ಬೈದಳು. ಬೈದ ಮೇಲೆ, ಆಗಲಿ, ಆವಾಗ ಕರೀತೀನಿ ಎಂದಳು. ಇಬ್ಬರೂ ನಕ್ಕರು. ಅವರು ಕೂಡಿಸಿಟ್ಟದ್ದೆಲ್ಲ ಬ್ಯಾಂಕಿನಲ್ಲಿತ್ತು. ಇದೊಂದನ್ನು ಮಾತ್ರ ಅವಳು ತನ್ನ ಬಾಯಲ್ಲೇ ಇಟ್ಟುಕೊಂಡಿದ್ದಳು.

ಬ್ಯಾಂಕಿನ ಖಾತೆ ಇಬ್ಬರ ಹೆಸರಿನಲ್ಲೂ ಇತ್ತು. ಮಗ್ಗ ಬಿಟ್ಟು ಏಳುವುದು ಅವನಿಗೆ ಆಗದ ಮಾತು, ಆದ್ದರಿಂದ ಹೋಗಿಬರುವವಳು ಅವಳೇ. ಅಲ್ಲಿಯ ಕ್ಯಾಶಿಯರ್ ಅದೇ ಪಟ್ಟಣದವನು. ಅವಳು ಕಿಟಕಿಯ ಮುಂದೆ ನಿಂತರೆ “ಯಜಮಾನ್ರು ಆರಾಮ ಅದಾರ?” ಎಂದು ಕೇಳುತ್ತ, ಚೀಟಿಯ ಮೇಲೆ ಗಂಡನ ಹೆಸರನ್ನು ತಾನೇ ಬರೆಯುತ್ತಿದ್ದ. ಅವಳು ಹೆಬ್ಬೆಟ್ಟು ಒತ್ತುತ್ತಿದ್ದಳು. ಅವಳನ್ನು ಹೆಸರು ಕೇಳಬಾರದೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಅವನ ತಾಯಿಯೂ ಗಂಡನ ಹೆಸರು ಹೇಳುತ್ತಿರಲಿಲ್ಲ, ಅಷ್ಟೆ.

ಹೀಗಿರುವಾಗ ಆ ಬ್ಯಾಂಕೂ ತನ್ನ ಖಾತೆಗಳನ್ನು ಇನ್ನೊಂದು ಬ್ಯಾಂಕಿಗೆ ಒಪ್ಪಿಸಿತು. ಒಪ್ಪಿಸುವ ಮೊದಲು ಗ್ರಾಹಕರನ್ನು ಕರೆದು ಸಭೆ ಮಾಡಿದರು. ಅಂಗಡಿಯವರು ಹಳೆಯ ಚೆಕ್ಕು ನಡೆಯುತ್ತದೆಯೇ ಎಂದು ಕೇಳಿದರು. ಠೇವಣಿ ಇಟ್ಟವರು ಬಡ್ಡಿಯ ಮಾತೆತ್ತಿದರು. ಲಾಕರಿನವರಿಗೆ ಬೀಗದ ಕೈಯ ಚಿಂತೆ. ಮ್ಯಾನೇಜರ್ ಒಬ್ಬೊಬ್ಬರಿಗೂ ಸಮಾಧಾನವಾಗಿ ಉತ್ತರ ಹೇಳಿದ. ಹೇಳಿದ್ದೆಲ್ಲ ನಿಜವೇ ಆಗಿತ್ತು, ಮಡಿವಾಳಯ್ಯ, ನೀನು ಈಗ ಅಂಗಳದಲ್ಲಿ ಹೇಳಿಬಂದೆಯಲ್ಲ, ಹಾಗೆ.

ನೇಕಾರನ ಹೆಂಡತಿ ಸಭೆಯಲ್ಲಿ ಏನೂ ಕೇಳಲಿಲ್ಲ. ಎಲ್ಲರೂ ಎದ್ದ ಮೇಲೆ ಕಿಟಕಿಯ ಹತ್ತಿರ ಹೋದಳು.

“ನೀವೂ ಆ ಬ್ಯಾಂಕಿಗೆ ಬರ್ತೀರೇನ್ರಿ?”

“ಇಲ್ರೀ ಅವ್ವಾರ,” ಎಂದ ಕ್ಯಾಶಿಯರ್. “ನಿಮ್ಮ ಖಾತೆ ಅಷ್ಟ ಹೋಗ್ತದ. ನನ್ನ ಬ್ಯಾರೆ ಊರಿಗೆ ಹಾಕ್ಯಾರ. ರೊಕ್ಕದ ಚಿಂತಿ ಮಾಡಬ್ಯಾಡ್ರಿ.”

ಅವಳಿಗೆ ರೊಕ್ಕದ ಚಿಂತೆ ಇರಲಿಲ್ಲ. ಇದ್ದ ಚಿಂತೆಯನ್ನು ಅಷ್ಟು ಗಂಡಸರ ನಡುವೆ ಹೇಗೆ ಹೇಳುವುದೆಂದು ತಿಳಿಯದೆ ಮನೆಯ ದಾರಿ ಹಿಡಿದಳು.

ಕೆಲವು ತಿಂಗಳಲ್ಲಿ ನೇಕಾರನಿಗೆ ಹೊಟ್ಟೆನೋವು ಬಂತು. ಆಸ್ಪತ್ರೆಗೆ ಸೇರಿಸಿದರು. ಕೂಡಲೇ ಆಪರೇಷನ್ ಆಗಬೇಕು, ಮೊದಲು ಇಷ್ಟು ಹಣ ಕಟ್ಟಬೇಕು ಎಂದರು. ಕಟ್ಟುವಷ್ಟು ಖಾತೆಯಲ್ಲಿತ್ತು. ಪಕ್ಕದ ಮನೆಯವಳನ್ನು ಅವನ ಬಳಿ ಕೂರಿಸಿ, ಪಾಸ್‌ಬುಕ್ಕು ಹಿಡಿದುಕೊಂಡು ಅವಳು ಹೊಸ ಬ್ಯಾಂಕಿಗೆ ಹೋದಳು.

ಕೌಂಟರಿನಲ್ಲಿದ್ದವಳು ಬೇರೆ ಸೀಮೆಯ ಹುಡುಗಿ. ಒಳ್ಳೆಯವಳು. ಮುದುಕಿಯ ಮುಖ ನೋಡಿದವಳೇ ಬೇಗ ಮುಗಿಸಿಕೊಡಬೇಕೆಂದುಕೊಂಡಳು. ಆದರೆ ಹೊಸದಾಗಿ ಬಂದ ಖಾತೆಯವರನ್ನು ಮೊದಲ ಸಲ ಗುರುತು ಹಿಡಿದೇ ಹಣ ಕೊಡಬೇಕು. ಅವಳ ಗುರುತಿನ ಕಾರ್ಡಿನ ಮೇಲಿನ ಫೋಟೋ ಮಸುಕಾಗಿತ್ತು. ಹೆಬ್ಬೆಟ್ಟನ್ನು ಯಂತ್ರದ ಮೇಲೆ ಇಡಿಸಿದಳು. ನೂಲು ಸುತ್ತಿ ಸುತ್ತಿ ಹೆಬ್ಬೆಟ್ಟಿನ ಗೆರೆಗಳು ಸವೆದಿದ್ದವು, ಯಂತ್ರ ಅದನ್ನು ಒಪ್ಪಲಿಲ್ಲ. ಇನ್ನು ಉಳಿದದ್ದು ಬಾಯಿಮಾತು.

“ಅಜ್ಜಿ, ಈ ಖಾತೆಯಲ್ಲಿ ನಿಮ್ಮ ಜೊತೆ ಇರೋರ ಹೆಸರು ಹೇಳಿ.”

“ನಮ್ಮ ಮನಿಯವ್ರು.”

“ಹೆಸರು ಬೇಕು ಅಜ್ಜಿ.”

“ನಮ್ಮೂರ ದೇವರ ಹೆಸರ ಅವ್ರದು.”

ಆ ಹುಡುಗಿಗೆ ಆ ಊರಿನ ದೇವರು ಯಾರೆಂದು ಗೊತ್ತಿರಲಿಲ್ಲ. ಸಾಲಿನಲ್ಲಿದ್ದವನೊಬ್ಬ ತಾನು ಹೇಳಲು ಬಾಯಿ ತೆರೆದ. ಹುಡುಗಿ ಕೈ ಎತ್ತಿ ತಡೆದಳು.

“ಬೇರೆಯವರು ಹೇಳಬಾರದು. ಅವರೇ ಹೇಳಬೇಕು. ಅವರ ದುಡ್ಡು ಇನ್ನೊಬ್ಬರ ಕೈ ಸೇರಬಾರದು ಅಂತಾನೇ ಈ ನಿಯಮ.”

ನಿಯಮ ಸರಿಯಾದದ್ದೇ. ಮುದುಕಿ ಕೌಂಟರಿನ ಅಂಚು ಹಿಡಿದು ನಿಂತಳು. ಅತ್ತ ಗಂಡ ನೋವಿನಿಂದ ಒದ್ದಾಡುತ್ತಿದ್ದಾನೆ. ಹಣ ಹೋಗದೆ ಅವನನ್ನು ಒಳಗೆ ಒಯ್ಯುವುದಿಲ್ಲ. ಹೆಸರು ಹೇಳದೆ ಹಣ ಬರುವುದಿಲ್ಲ. ಹೇಳಿದರೆ ಅವನ ಆಯುಷ್ಯ. ಹಿಂದಿನಿಂದ ಯಾರೋ ಬೇಗ ಬೇಗ ಎಂದರು. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಕಣ್ಣು ಮುಚ್ಚಿದಳು.

“ಹಾಸಿದ್ದು ಕೆಂಪ, ಹೊಕ್ಕದ್ದು ಹಸರ, ಎಲ್ಲಾರೂ ಕೇಳ್ರಿ ನಮ್ಮ ರಾಯರ ಹೆಸರ” ಎಂದಳು. ಎಂದು, ಹೆಸರು ಹೇಳಿದಳು. ಈ ಸಲ ವಾಲಗವಿರಲಿಲ್ಲ. ಸಾಲಿನ ಕೊನೆಯವರೆಗೂ ಕೇಳಿಸಿತು.

ಜನ ನಕ್ಕರು. “ಅಜ್ಜಿ ಮತ್ತ ಮದಲಗಿತ್ತಿ ಆದಳು ನೋಡ್ರಿ” ಎಂದ ಒಬ್ಬ. ಕೆಟ್ಟದ್ದಕ್ಕೆ ನಕ್ಕವರಲ್ಲ ಅವರು. ಆ ಹುಡುಗಿಯೂ ಮುಗುಳ್ನಕ್ಕು ಹಣವನ್ನು ಬೇಗ ಎಣಿಸಿ, ಲಕೋಟೆಯಲ್ಲಿ ಹಾಕಿ, ಜೋಪಾನ ಅಜ್ಜಿ ಎಂದು ಕೊಟ್ಟಳು. ಎಲ್ಲ ಸರಿಯಾಗಿತ್ತು. ಮಡಿವಾಳಯ್ಯ, ಒಂದು ಪೈಸೆಯೂ ಕಡಿಮೆಯಿರಲಿಲ್ಲ.

ಆಸ್ಪತ್ರೆಯ ದಾರಿಯುದ್ದಕ್ಕೂ ಅವಳಿಗೆ ಒಂದೇ ಯೋಚನೆ. ಒಡಪಿನಲ್ಲಿ ಹೇಳಿದ್ದೇನೋ ಹೌದು. ಆದರೆ ಅಲ್ಲಿ ಹೊಸ್ತಿಲಿರಲಿಲ್ಲ, ಅರಿಸಿನ ಕುಂಕುಮ ಇರಲಿಲ್ಲ, ಕೇಳಿದವರು ನಾದಿನಿಯರಲ್ಲ. ಅದು ಒಡಪಿನ ಲೆಕ್ಕಕ್ಕೆ ಸೇರಿತೋ, ಬರಿಯ ಹೆಸರಿನ ಲೆಕ್ಕಕ್ಕೆ ಸೇರಿತೋ? ಹೇಳುವವರು ಯಾರೂ ಇರಲಿಲ್ಲ.

ಹಣ ಕಟ್ಟಿದಳು. ಅವನನ್ನು ಗಾಲಿಯ ಮಂಚದ ಮೇಲೆ ಮಲಗಿಸಿ ಆಪರೇಷನ್ ಕೋಣೆಯ ಕಡೆಗೆ ತಳ್ಳಿಕೊಂಡು ಬಂದರು. ಬಾಗಿಲ ಹತ್ತಿರ ಅವನು ಅವಳ ಕೈ ಹಿಡಿದುಕೊಂಡ.

“ಈಗ ಕರಿ,” ಎಂದ.

ಅವಳ ಬಾಯಿಯವರೆಗೂ ಬಂತು. ಮದುವೆಯ ದಿನದಿಂದ ಈ ಹೊತ್ತಿಗೆಂದೇ ಇಟ್ಟುಕೊಂಡದ್ದು. ಆದರೆ ಈ ದಿನ ಒಮ್ಮೆ ಹೇಳಿ ಆಗಿಬಿಟ್ಟಿದೆ. ಅದರಿಂದ ಅವನ ಆಯುಷ್ಯ ಎಷ್ಟು ಹೋಯಿತೋ, ಎಷ್ಟು ಉಳಿದಿದೆಯೋ. ಇನ್ನೊಮ್ಮೆ ಹೇಳಿದರೆ ಉಳಿದದ್ದೂ ಹೋದೀತು. ಅವಳು ಎರಡೂ ತುಟಿಗಳನ್ನು ಬಿಗಿಯಾಗಿ ಕಚ್ಚಿಕೊಂಡು ತಲೆ ಅಲ್ಲಾಡಿಸಿದಳು.

ಅವನು ನಕ್ಕ. ಇವಳಿಗೆ ಈ ವಯಸ್ಸಿನಲ್ಲೂ ನಾಚಿಕೆ ಎಂದುಕೊಂಡ.

“ಆತು ಬಿಡು. ಹೊರಗ ಬಂದ ಮ್ಯಾಲ ಕರಿ,” ಎಂದ.

ಅವನು ಹೊರಗೆ ಬರಲಿಲ್ಲ.

ಹೃದಯ ತಡೆಯಲಿಲ್ಲ ಎಂದರು ಡಾಕ್ಟರು. ಅವರಿಗೆ ತಿಳಿದದ್ದನ್ನು ಅವರು ಹೇಳಿದರು. ಅವಳಿಗೆ ತಿಳಿದದ್ದನ್ನು ಅವಳು ಯಾರಿಗೂ ಹೇಳಲಿಲ್ಲ. ಕತೆಯ ಈ ಜಾಗಕ್ಕೆ ಬಂದಾಗಲೆಲ್ಲ ನನಗೆ ದುಃಖವಾಗುತ್ತದೆ. ಅವಳನ್ನು ಕೂರಿಸಿಕೊಂಡು, ತಾಯಿ, ಹೆಸರಿನಿಂದ ಯಾರೂ ಸಾಯುವುದಿಲ್ಲ ಎಂದು ಹೇಳಬೇಕೆನ್ನಿಸುತ್ತದೆ. ಹೇಳಿದರೆ ಏನಾಗುತ್ತದೆ? ಹಾಗಾದರೆ ಅವರು ಕೇಳಿದಾಗ ನಾನು ಯಾಕೆ ಕರೆಯಲಿಲ್ಲ ಎಂದು ಅವಳು ಕೇಳುತ್ತಾಳೆ.

ದಿನಕರ್ಮಗಳು ಮುಗಿದ ಮೇಲೆ ಅವಳು ಬ್ಯಾಂಕಿಗೆ ಹೋದಳು. ಖಾತೆಯಿಂದ ಅವನ ಹೆಸರು ತೆಗೆಸಬೇಕಾಗಿತ್ತು. ಕೌಂಟರಿನಲ್ಲಿ ಅದೇ ಹುಡುಗಿ ಇದ್ದಳು. ಬರಿದಾದ ಹಣೆ ನೋಡಿ ಅವಳಿಗೆ ಎಲ್ಲ ತಿಳಿಯಿತು. ಆದರೂ ಕೇಳಲೇಬೇಕಾಗಿತ್ತು.

“ತೀರಿಕೊಂಡೋರ ಹೆಸರು, ಅಜ್ಜಿ?”

ಮುದುಕಿ ತಟ್ಟನೆ ಹೇಳಿದಳು. ಒಡಪು ಬೇಕಾಗಲಿಲ್ಲ, ಸೆರಗು ಎಳೆದುಕೊಳ್ಳಲಿಲ್ಲ. ಕಾಯುವುದಕ್ಕೆ ಇನ್ನು ಏನೂ ಉಳಿದಿರಲಿಲ್ಲ. ಹುಡುಗಿ ಬರೆದುಕೊಂಡಳು. ಮುದುಕಿ ಮತ್ತೊಮ್ಮೆ ಹೇಳಿದಳು. ಆಮೇಲೆ ಇನ್ನೊಮ್ಮೆ, ಗಟ್ಟಿಯಾಗಿ, ಒಳಗೆ ಮಗ್ಗದಲ್ಲಿ ಕೂತವನನ್ನು ಊಟಕ್ಕೆ ಕರೆಯುವ ಹಾಗೆ.

“ಒಂದು ಸಲ ಹೇಳಿದರೆ ಸಾಕು ಅಜ್ಜಿ,” ಎಂದಳು ಹುಡುಗಿ.

ಸಾಲಿನಲ್ಲಿದ್ದವರು ಯಾರೂ ನಗಲಿಲ್ಲ. ಮುದುಕಿ ಕರೆಯುತ್ತಲೇ ಇದ್ದಳು.

ಗುರುಗಳು ಕತೆ ನಿಲ್ಲಿಸಿದರು. ಅಂಗಳದಲ್ಲಿ ಜನ ಇನ್ನೂ ಕೂತೇ ಇದ್ದರು. ಅವರಲ್ಲಿ ತಲೆಯ ಮೇಲೆ ಸೆರಗು ಹೊದ್ದ ಹೆಂಗಸರು ಹೆಚ್ಚಿದ್ದುದನ್ನು ಮಡಿವಾಳಯ್ಯ ಆಗ ನೋಡಿದ. ಏನಾದರೂ ಮಾತಾಡಬೇಕೆನ್ನಿಸಿ ಕೇಳಿದ.

“ಆ ನೇಕಾರನ ಹೆಸರೇನು, ಗುರುಗಳೇ?”

ಗುರುಗಳು ಅವನತ್ತ ತಿರುಗಿದರು.

“ನೀನೂ ಅದನ್ನೇ ಕೇಳಿದೆಯಲ್ಲ.”