ಕೊರೆಯಬಾರದ ಜಾಗ

ಮುಚ್ಚಿದ ಬಣ್ಣದ ಕಾರ್ಖಾನೆಯ ಪಕ್ಕದ ಕೇರಿಯಲ್ಲಿ ಬಾವಿ ನೀರು ನೀಲಿಯಾಯಿತು. ಸರ್ಕಾರದ ಮಣ್ಣಿನ ಪರೀಕ್ಷೆಗೆಂದು ಕಾರ್ಖಾನೆಯ ಜಾಗದಲ್ಲಿ ರಂಧ್ರ ಕೊರೆಯಲು ಬೋರು ಕೊರೆಯುವ ಕೆಲಸದ ಕರಿಸಿದ್ದ ತನ್ನ ಮಿಷನ್ ತಂದ. ಇದ್ದದ್ದು ಹನ್ನೆರಡು ಎಕರೆ. ಕೊರೆಯಬೇಕಾದದ್ದು ಮೂರೇ ಕಡೆ.

ಮ್ಯಾನೇಜರ್ ಶಾಂತರಾಜು ಗೇಟಿನಲ್ಲೇ ಗದರಿಸಿದ. "ಮುಂದಿನ ಹೂದೋಟದಲ್ಲೇ ಕೊರಿ. ಬೇರೆ ಕಡೆ ಕೈ ಹಾಕಿದರೆ ನಿನ್ನ ಕೆಲಸ ಹೋಯಿತು ಅಂತ ತಿಳ್ಕೊ!"

"ಆಗಲಿ ಸ್ವಾಮಿ. ಆದರೆ ನನಗೆ ಈ ಜಾಗ ಹೊಸದು. ತಪ್ಪಿ ಎಲ್ಲಾದರೂ ಮಿಷನ್ ಇಟ್ಟುಬಿಟ್ಟೇನು. ಎಲ್ಲಿ ಕೊರೆಯಲೇಬಾರದು ಅಂತ ಗುರುತು ಹಾಕಿಕೊಡಿ."

ಶಾಂತರಾಜುಗೆ ಈ ವಿನಯ ಹಿಡಿಸಿತು. ಗೋದಾಮಿನ ಹಿಂದೆ ತಾನೇ ಸುಣ್ಣದಲ್ಲಿ ಮೂರು ದೊಡ್ಡ ಇಂಟು ಮಾರ್ಕು ಹಾಕಿ, ಕಾಫಿಗೆ ಹೋದ.

ವಾಪಸು ಬರುವಾಗ ಮೂರನೆಯ ಮಾರ್ಕಿನ ಮೇಲೆ ಮಿಷನ್ ತಿರುಗುತ್ತಿತ್ತು. ಮೇಲೆ ಬಂದ ಮಣ್ಣು ಕಡುನೀಲಿ.

"ಬೇಡ ಅಂದಲ್ಲೇ ಕೊರೆದೆಯಲ್ಲೋ!"

"ಇಷ್ಟು ದೊಡ್ಡ ಜಾಗದಲ್ಲಿ ನಾನೊಬ್ಬನೇ ಎಲ್ಲಿ ಅಂತ ಹುಡುಕಲಿ, ಸ್ವಾಮಿ? ನಿಮ್ಮಿಂದ ಎರಡು ದಿನದ ಕೆಲಸ ಉಳಿಯಿತು. ಮಣ್ಣಿನ ಸೀಸೆಗೆ ಅಂಟಿಸೋ ಚೀಟಿಯಲ್ಲಿ 'ಜಾಗ ತೋರಿಸಿದವರು' ಅನ್ನುವ ಕಡೆ ನಿಮ್ಮ ಹೆಸರೇ ಬರೀತೀನಿ."

ಶಾಂತರಾಜು ಮೆತ್ತಗಾದ. "ಮಾಲೀಕರು ನನ್ನನ್ನ ಉಳಿಸೋದಿಲ್ಲ. ಹೆಸರೊಂದು ಬರೀಬೇಡ, ಮಾರಾಯ."

"ಬರೆಯೋದಿಲ್ಲ. ಕೇರಿಗೆ ಇವತ್ತೇ ಕುಡಿಯೋ ನೀರು ಕಳಿಸಿ."

ಸಂಜೆಗೆ ಎರಡು ಟ್ಯಾಂಕರ್ ಬಂದವು. ಕರಿಸಿದ್ದ ನೀಲಿ ಮಣ್ಣಿನ ಸೀಸೆಗಳನ್ನು ಜೋಪಾನವಾಗಿ ಪೆಟ್ಟಿಗೆಗೆ ಹಾಕಿ, ಮೊದಲ ಕೊಡದ ನೀರನ್ನು ತಾನೇ ಕೇಳಿ ಕುಡಿದ.